ತಂತಿಯ ಮೇಲೆ ಬೆರಳು ಜಾರುವ ಸದ್ದು

ನನ್ನ ಕಿವಿ ಮೊದಲು ಕೈಬಿಟ್ಟದ್ದು ಕೊನೆಯ ಬೆಂಚಿನ ಮಕ್ಕಳನ್ನು. ಚೆನ್ನೈಯ ಅಡ್ಯಾರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರು ಉತ್ತರ ಹೇಳುವಾಗ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು. ಬೆಳಗ್ಗೆ ಮನೆಯಲ್ಲಿ ತಿಂಡಿ ಕೊಟ್ಟಿಲ್ಲವಾ, ಗಟ್ಟಿಯಾಗಿ ಹೇಳೋ ಎಂದು ತಮಿಳಿನಲ್ಲಿ ಗದರುತ್ತಿದ್ದೆ. ಪಾಪ, ಅವು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದವಂತೆ. ಆಮೇಲೆ ನಡುವಿನ ಬೆಂಚುಗಳು ಹೋದವು. ಫೋನು ಹೋಯಿತು. ಕುಕ್ಕರಿನ ಸೀಟಿ ಹೋಗಿ ಬೇಳೆ ತಳ ಹಿಡಿಯತೊಡಗಿತು. ಎರಡೂ ಕಿವಿಗೆ ಮೆಷಿನ್ ಬಂತು, ಆದರೂ ತರಗತಿಯ ಗಲಾಟೆಯಲ್ಲಿ ಯಾರ ಮಾತು ಯಾರದ್ದೆಂದು ತಿಳಿಯದೆ ಶಾಲೆಯನ್ನು ನಾನೇ ಬಿಟ್ಟೆ. ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಗಿಟಾರನ್ನು ಮಾತ್ರ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಗಣಿತದ ಟೀಚರಿಗೂ ಗಿಟಾರಿಗೂ ಎತ್ತಣ ಸಂಬಂಧ ಎಂದು ಬಹಳ ಜನ ಕೇಳಿದ್ದಾರೆ. ಪೆರಂಬೂರಿನ ಸಂಬಂಧ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ವರ್ಗವಾಗಿ ಚೆನ್ನೈಯ ಪೆರಂಬೂರಿಗೆ ಬಂದವರು. ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆ ಒಂದು ಆಂಗ್ಲೋ-ಇಂಡಿಯನ್ ಕುಟುಂಬದ್ದು. ಆ ಮನೆಯ ಆಂಟಿ ಭಾನುವಾರ ಚರ್ಚಿನಲ್ಲಿ ಗಿಟಾರು ನುಡಿಸುತ್ತಿದ್ದರು, ಉಳಿದ ದಿನ ವರಾಂಡದಲ್ಲಿ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಪಕ್ಕದ ಮನೆಯ ಹುಡುಗಿ ಬಾಗಿಲಿಗೆ ಒರಗಿ ನಿಂತೇ ಇರುವುದನ್ನು ನೋಡಿ ಸಾಕಾಗಿ, ಬಾ ಇಲ್ಲಿ ಎಂದು ಕರೆದು ನನ್ನ ತೊಡೆಯ ಮೇಲೆ ಗಿಟಾರು ಇಟ್ಟುಬಿಟ್ಟರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆದರೆ ಕೈಯಲ್ಲಿ ಮರದ ಸ್ಕೇಲು ಇರುತ್ತಿತ್ತು. ಬೆರಳು ಒಂದು ಸ್ವರದ ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ತಂತಿಯ ಮೇಲೆ ಜಾರಿ ಕೀಚ್ ಎಂದು ಸದ್ದಾಗುತ್ತದಲ್ಲ, ಅದು ಕೇಳಿದರೆ ಸ್ಕೇಲು ನನ್ನ ಮೊಣಕೈಗೆ ಬೀಳುತ್ತಿತ್ತು. ಬೆರಳನ್ನು ಎತ್ತಿ ಇಡು, ಎಳೆಯಬೇಡ ಎಂದು ಎಷ್ಟು ಸಲ ಹೇಳಿದರೋ.

ಸಂಜೆ ಅಮ್ಮ ವಚನ ಹಾಡುವಾಗ ನಾನು ಅದಕ್ಕೆ ಗಿಟಾರಿನಲ್ಲಿ ಹೊಂದುವ ಸ್ವರ ಹುಡುಕುತ್ತ ಕೂರುತ್ತಿದ್ದೆ. ಇದ್ಯಾವ ಇಂಗ್ಲೀಷ ಏಕತಾರಿ ತಂದೀಯ ಮನಿಗೆ ಎಂದು ನಗುತ್ತಿದ್ದಳು ಅಮ್ಮ. ನಗುತ್ತಲೇ ಹಾಡು ಮುಂದುವರಿಸುತ್ತಿದ್ದಳು. ಅಮ್ಮನೂ ಇಲ್ಲ, ಆಂಟಿಯೂ ಇಲ್ಲ. ಇಬ್ಬರೂ ಕೂಡಿ ಕೊಟ್ಟ ಆ ಒಂದು ಗಂಟೆ ಮಾತ್ರ ನನ್ನ ಬಳಿ ಉಳಿದಿತ್ತು. ಪ್ರತಿ ಬೆಳಗ್ಗೆ ಕಾಫಿ ಆದಮೇಲೆ ಗಿಟಾರು ಹಿಡಿದು ಕೂತರೆ ನನ್ನನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಯಾರೂ ಎಂದರೆ ನನ್ನ ಗಂಡ. ಅವರು ಉಡುಪಿ ಕಡೆಯವರು, ಅಣ್ಣನ ಜೊತೆ ಅಡ್ಯಾರಿನಲ್ಲಿ ಹೋಟೆಲು ನಡೆಸುತ್ತಿದ್ದವರು. ಆಗೆಲ್ಲ ಸಂಜೆ ಶಾಲೆ ಮುಗಿಸಿ ನಾನು ಅಲ್ಲಿಗೆ ಕಾಫಿಗೆ ಹೋಗುತ್ತಿದ್ದೆ. ಕಾಫಿಯಲ್ಲಿ ಸಕ್ಕರೆ ಸುರಿಯುತ್ತೀರಿ ಎಂದು ಜಗಳ ತೆಗೆದೆ, ಆ ಜಗಳ ಮದುವೆಗೆ ಬಂದು ನಿಂತಿತು. ಹೀಗಾಗಿ ನಮ್ಮ ಮನೆಯಲ್ಲಿ ಹುಬ್ಬಳ್ಳಿ ಕನ್ನಡ ಒಂದು, ಉಡುಪಿ ಕನ್ನಡ ಒಂದು. ಮಗಳು ಎರಡನ್ನೂ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳು ತಾಂಬರಂನಲ್ಲಿ ಸಂಸಾರ ಹೂಡಿದ್ದಾಳೆ, ಭಾನುವಾರ ಟ್ರೈನು ಹಿಡಿದು ಬರುತ್ತಾಳೆ.

ಒಂದು ಭಾನುವಾರ ಅವಳು ಬಂದಾಗ ನಾನು ಗಿಟಾರನ್ನು ಕಚ್ಚಿಕೊಂಡು ಕೂತಿದ್ದೆ. ಸುಳ್ಳಲ್ಲ. ಕಿವಿಯ ಮೆಷಿನ್ ಹಾಕಿಕೊಂಡು ನುಡಿಸಿದರೆ ಸಿಂಕಿನಲ್ಲಿ ಸ್ಟೀಲು ತಟ್ಟೆ ಉಜ್ಜಿದ ಹಾಗೆ ಕೇಳುತ್ತಿತ್ತು. ಅದು ಮಾತಿಗೆಂದು ಮಾಡಿದ ಮೆಷಿನ್, ಸಂಗೀತ ಅದಕ್ಕೆ ಸರಿಹೋಗುವುದಿಲ್ಲ ಎಂದು ಕಿವಿಯ ಡಾಕ್ಟರು ಮೊದಲೇ ಹೇಳಿದ್ದರು. ಮೆಷಿನ್ ತೆಗೆದರೆ ಏನೂ ಇಲ್ಲ. ಗಿಟಾರಿನ ಅಂಚಿಗೆ ಹಲ್ಲು ಒತ್ತಿದರೆ ಮಾತ್ರ ದವಡೆಯ ಮೂಳೆಯೊಳಗಿಂದ ಗುಂಯ್ ಎಂದು ಒಂದಿಷ್ಟು ಮೇಲೆ ಬರುತ್ತಿತ್ತು. ಮಗಳು ಬಾಗಿಲಲ್ಲೇ ನಿಂತಳು. ‘ಅಮ್ಮಾ, ಎನ್ನಮ್ಮಾ ಇದು’, ಏನಮ್ಮಾ ಇದು, ಎಂದಷ್ಟೇ ಅಂದಳು. 

ಮುಂದಿನ ವಾರ ಡಾಕ್ಟರನ್ನು ಕೇಳಿ ತಿಳಿದುಕೊಂಡು ಬಂದಳು. ಒಳಗೇ ಪಿಕಪ್ ಇರುವ ಗಿಟಾರು ಬರುತ್ತದಂತೆ. ತಂತಿಯ ಕಂಪನವನ್ನು ಅಲ್ಲಿಯೇ ಹಿಡಿದು ವೈರಿನ ಮೂಲಕ ಹೊರಗೆ ಕಳಿಸುವ ಪುಟ್ಟ ಸಾಧನ ಅದು. ವೈರನ್ನು ಒಂದು ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ, ಕಿವಿಯ ಮೆಷಿನ್ ತೆಗೆದಿಟ್ಟು, ದೊಡ್ಡ ಹೆಡ್‌ಫೋನ್ ಹಾಕಿಕೊಂಡರೆ ಗಿಟಾರು ನೇರ ಕಿವಿಯೊಳಗೆ. ಉಳಿದಿರುವ ಕಿವಿ ಅದಕ್ಕೆ ಸಾಕಾಗಬಹುದು, ಆದರೆ ಇಷ್ಟೇ ವಾಲ್ಯೂಮು, ಇದರ ಮೇಲೆ ಬೇಡ ಎಂದಿದ್ದರಂತೆ ಡಾಕ್ಟರು. ಮಗಳು ಆಂಪ್ಲಿಫೈಯರ್ ತಂದೇಬಿಟ್ಟಿದ್ದಳು. ಅದರ ತಿರುಪಿನ ಮೇಲೆ ಡಾಕ್ಟರು ಹೇಳಿದ ಜಾಗಕ್ಕೆ ನೇಲ್‌ ಪಾಲಿಶಿನಿಂದ ಕೆಂಪು ಚುಕ್ಕೆ ಇಟ್ಟಳು. ನನ್ನ ಹಳೆಯ ಗಿಟಾರಿಗೇ ಪಿಕಪ್ ಹಾಕಿಸೋಣವೆಂದರೆ, ಚೆನ್ನೈಯ ಬೆವರಿಗೆ ಅದರ ಕುತ್ತಿಗೆ ಬಾಗಿ ಬಿಲ್ಲಾಗಿತ್ತು.

ಹೊಸದನ್ನು ಕೊಳ್ಳಲು ರಾಯಪೇಟೆಯ ಒಂದು ವಾದ್ಯದ ಅಂಗಡಿಗೆ ನಾನೂ ಗಂಡನೂ ಹೋದೆವು. ನನ್ನ ಚೀಲದಲ್ಲಿ ಆಂಪ್ಲಿಫೈಯರು, ಹೆಡ್‌ಫೋನು. ಗೋಡೆಯ ತುಂಬ ನೇತುಹಾಕಿದ ಗಿಟಾರುಗಳ ನಡುವೆ ನಮ್ಮವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹೊಡೆದರು. ಆಮೇಲೆ ಒಂದೊಂದರ ಹೊಟ್ಟೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳತೊಡಗಿದರು. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸಿದ ಕೈ. ಇದು ಬಲಿತದ್ದು, ಇದು ಎಳೆಯದು ಎಂದು ನನಗೆ ಸನ್ನೆ ಬೇರೆ. ನಾಚಿಕೆಯಿಂದ ನಾನು ಇನ್ನೊಂದು ಗೋಡೆಗೆ ಮುಖ ಮಾಡಿ ನಿಂತೆ.

ಅಂಗಡಿಯ ಹುಡುಗಿಗೆ ನನ್ನ ಕಷ್ಟವನ್ನು ಮೊದಲೇ ಹೇಳಿಕೊಂಡೆ. ಅವಳು ತಾಳ್ಮೆಯವಳು. ನನ್ನ ಕಡೆ ಮುಖ ತಿರುಗಿಸಿ, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು. ಅಷ್ಟು ಮಾಡುವವರು ನಮ್ಮ ನೆಂಟರಲ್ಲೂ ಕಡಿಮೆ. ಮೊದಲು ಕೊಟ್ಟ ಗಿಟಾರು ಜೇನಿನ ಬಣ್ಣದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮವರಿಗೆ ಅದೇ ಬೇಕು. ಹೆಡ್‌ಫೋನ್ ಹಾಕಿ ನುಡಿಸಿದರೆ ಸದ್ದು ಜೋರಾಗಿಯೇ ಬಂತು, ಆದರೆ ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ. ಅದರ ಪಿಕಪ್ ತಂತಿಗಳು ಕೂರುವ ಪಟ್ಟಿಯ ಕೆಳಗೆ ಮಾತ್ರ ಇದೆ, ತಂತಿಯನ್ನು ಕೇಳುತ್ತದೆ, ಮರವನ್ನು ಕೇಳುವುದಿಲ್ಲ ಎಂದಳು ಹುಡುಗಿ. ಎರಡನೆಯದು ಬಹಳ ದೊಡ್ಡ ಹೊಟ್ಟೆಯದು. ನನ್ನ ಕೈ ಅದನ್ನು ಬಳಸಿಕೊಳ್ಳಲಾಗದೆ ಹೆಗಲು ನೋಯಿತು, ದಪ್ಪ ತಂತಿಗಳ ಗುಂಯ್‌ಗುಡುವಿಕೆಯಲ್ಲಿ ಸಣ್ಣ ತಂತಿಗಳು ಮುಳುಗಿಹೋದವು.

ಮೂರನೆಯದು ಚಿಕ್ಕದು, ಹೊಳಪಿಲ್ಲದ್ದು, ಹಸಿ ಮರದ ಹಾಗೆ ಬಿಳಿಚಿಕೊಂಡದ್ದು. ಗಂಡ ಅದನ್ನು ತಟ್ಟಿ ನೋಡಿ ಬೇಡ ಎಂದು ಕೈಯಾಡಿಸಿದ್ದರು. ಅದರಲ್ಲಿ ಪಟ್ಟಿಯ ಕೆಳಗಿನ ಪಿಕಪ್ಪಿನ ಜೊತೆಗೆ ಹೊಟ್ಟೆಯೊಳಗೆ ಒಂದು ಪುಟ್ಟ ಮೈಕೂ ಇತ್ತು. ಹೆಡ್‌ಫೋನ್ ಹಾಕಿಕೊಂಡೆ. ಅಮ್ಮನ ಒಂದು ಹಾಡಿಗೆ ಹುಡುಕಿಟ್ಟ ಸ್ವರಗಳನ್ನೇ ಹಿಡಿದೆ. ಎರಡನೆಯ ಜಾಗಕ್ಕೆ ಕೈ ಸರಿಸುವಾಗ ಕೀಚ್ ಎಂದಿತು.

ನನಗೆ ಏನೆಂದು ತಿಳಿಯಲಿಲ್ಲ. ಮತ್ತೆ ಸರಿಸಿದೆ. ಕೀಚ್. ತಂತಿಯ ಮೇಲೆ ನನ್ನದೇ ಬೆರಳು ಜಾರುತ್ತಿತ್ತು. ಎಷ್ಟೋ ವರ್ಷದಿಂದ ಕೇಳಿರದ ಸದ್ದು. ಅದು ಇತ್ತೆಂಬುದನ್ನೇ ನಾನು ಮರೆತಿದ್ದೆ. ಆಂಟಿ ಬದುಕಿದ್ದರೆ ಸ್ಕೇಲು ಎತ್ತುತ್ತಿದ್ದರು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಬೇಕೆಂದೇ ಬೆರಳು ಎಳೆದೆಳೆದು ಕೀಚ್ ಕೀಚ್ ಎನಿಸಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹುಡುಗಿ ನನ್ನ ಮುಂದೆ ಬಾಗಿ ಏನೇನೋ ವಿವರಿಸುತ್ತಿದ್ದಳು, ಗಿಟಾರಿನ ಪಕ್ಕೆಯನ್ನು ತೋರಿಸಿದಳು, ವೈರನ್ನು ತೋರಿಸಿದಳು. ಹೆಡ್‌ಫೋನ್ ತೆಗೆಯಲು ಮನಸ್ಸಿಲ್ಲದೆ ತಲೆಯಾಡಿಸಿದೆ. ಕಿವಿ ಮಂದವಾದವರ ತಲೆ ತಾನಾಗಿ ಆಡುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮವರು ಆಗ ಜೇನಿನ ಬಣ್ಣದ್ದನ್ನು ಕೊನೆಯ ಸಲ ಸವರಿ ಬರಲು ಹೋಗಿದ್ದರು.

ಆ ಬಿಳಿಚಿದ ಗಿಟಾರೇ ಮನೆಗೆ ಬಂತು. ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಬೆಳಗ್ಗೆ ಎದ್ದು ನಡುಮನೆಗೆ ಬಂದರೆ ಎಲ್ಲ ಸಿದ್ಧ. ಅದು ನನ್ನ ಗಂಡನ ಹೋಟೆಲು ಬುದ್ಧಿ. ನಾಳೆಯ ಕೆಲಸ ಇವತ್ತೇ ಅರ್ಧ ಆಗಿರಬೇಕು ಅವರಿಗೆ: ಅಕ್ಕಿ ನೆನೆದಿರಬೇಕು, ಫಿಲ್ಟರಿಗೆ ಪುಡಿ ತುಂಬಿರಬೇಕು, ಒಲೆಯ ಪಕ್ಕ ಲೈಟರು ಇರಬೇಕು, ಬೆಳಗ್ಗೆ ಬಂದವನು ಹಚ್ಚಿದರೆ ಸಾಕು. ಅದೇ ಕ್ರಮದಲ್ಲಿ ಅವರು ಮಲಗುವ ಮುಂಚೆ ನನ್ನ ಗಿಟಾರನ್ನು ಒರೆಸಿ, ಸ್ಟ್ಯಾಂಡಿಗೆ ಒರಗಿಸಿ, ಅದಕ್ಕೆ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಚುಚ್ಚಿ, ಹೆಡ್‌ಫೋನನ್ನು ಕುರ್ಚಿಯ ಬೆನ್ನಿಗೆ ತಗುಲಿಸಿಡುತ್ತಿದ್ದರು. ಗೋಡೆಯ ಸ್ವಿಚ್ಚು ಮಾತ್ರ ಆರಿಸುತ್ತಿದ್ದರು, ಕರೆಂಟು ದಂಡವಾಗಬಾರದಲ್ಲ. ನಾನು ಬಂದು ಸ್ವಿಚ್ಚು ಒತ್ತಿ ಕೂತರೆ ಆಯಿತು. ಬಗ್ಗಿ ವೈರು ಹುಡುಕುವ ಕೆಲಸವನ್ನು ಅವರು ನನಗೆ ಒಂದು ದಿನವೂ ಬಿಡಲಿಲ್ಲ. ಥ್ಯಾಂಕ್ಸ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಗಿರಾಕಿಗಳು ಹೇಳುವ ಮಾತಂತೆ ಅದು.

ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ, ಬಂತು. ಊರಿಗೆ ಊರೇ ಸಂಗೀತ ಕಚೇರಿ ಕೇಳಲು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಓಡಾಡುವ ಕಾಲ. ಆ ದಿನಗಳಲ್ಲೇ ನನ್ನ ಗಿಟಾರು ಮಸುಕಾಗತೊಡಗಿತು. ಮೊದಲು ಬೆರಳಿನ ಆ ಕೀಚ್ ಹೋಯಿತು. ಆಮೇಲೆ ಸಣ್ಣ ತಂತಿಗಳ ಹೊಳಪು ಹೋಯಿತು. ದಪ್ಪ ತಂತಿಗಳು ಗಂಟಲಲ್ಲಿ ಕಫ ಕಟ್ಟಿದ ಹಾಗೆ ಗೊರಗೊರ ಎಂದವು. ನನ್ನ ಕಿವಿ ಹೋದದ್ದೂ ಇದೇ ದಾರಿಯಲ್ಲಿ, ಸಣ್ಣ ಸದ್ದು ಮೊದಲು, ದೊಡ್ಡದು ಆಮೇಲೆ. ನನಗೆ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ತಿರುಪನ್ನು ಕೆಂಪು ಚುಕ್ಕೆಯವರೆಗೆ ತಂದೆ, ಕೇಳಲಿಲ್ಲ. ಚುಕ್ಕೆ ದಾಟಿಸಿದೆ, ಆಗಲೂ ಕೇಳಲಿಲ್ಲ. ಹಾಗಾದರೆ ಜನರ ಮಾತು ಮೊದಲಿನಷ್ಟೇ ಕೇಳುತ್ತಿತ್ತಲ್ಲ, ಅನುಮಾನ ಬರಲಿಲ್ಲವೇ ಎಂದು ಮಗಳು ಆಮೇಲೆ ಬೈದಳು. ಹೆದರಿಕೊಂಡವರಿಗೆ ಲೆಕ್ಕ ಎಲ್ಲಿ ಹತ್ತುತ್ತದೆ, ಗಣಿತದ ಟೀಚರಾದರೂ ಅಷ್ಟೇ.

ಒಂದು ಬೆಳಗ್ಗೆ ಪೂರ್ತಿ ನಿಂತುಹೋಯಿತು. ನಾನು ನುಡಿಸುತ್ತಲೇ ಇದ್ದೆ. ಬೆರಳಿಗೆ ತಂತಿ ತಾಗುತ್ತಿತ್ತು, ಎದೆಗೆ ಮರದ ನಡುಕ ತಾಗುತ್ತಿತ್ತು, ಕಿವಿಗೆ ಏನೂ ಇಲ್ಲ. ಒಂದು ಹಾಡನ್ನು ಹಾಗೆಯೇ ಕೊನೆಯವರೆಗೆ ನುಡಿಸಿ ಮುಗಿಸಿದೆ, ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ಹೆಡ್‌ಫೋನ್ ತೆಗೆದು ಕಿವಿಗೆ ಮೆಷಿನ್ ಹಾಕಿಕೊಂಡು ಅಡುಗೆಮನೆಗೆ ಹೋದೆ. ಗಂಡ ನೆಲದ ಮೇಲೆ ಕೂತು ಕಾಯಿ ತುರಿಯುತ್ತಿದ್ದರು.

‘ನನಗ ಇನ್ನ ಕೇಳಸೂದಿಲ್ಲರೀ’ ಎಂದೆ. ‘ಮುಗೀತು. ಅದನ್ನ ಯಾರಿಗಾರ ಕೊಟ್ಟಬಿಡ್ರಿ, ಮನ್ಯಾಗ ಇಡಬ್ಯಾಡ್ರಿ.’

ಅವರು ಕಾಯಿಯನ್ನು ಕೆಳಗಿಟ್ಟರು. ಎದ್ದು ಕೈ ತೊಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿಗೆ ಒರೆಸುತ್ತ ನಡುಮನೆಗೆ ಹೋದರು. ನನ್ನ ಕುರ್ಚಿಯಲ್ಲಿ ಕೂತರು. ಮದುವೆಯಾದಂದಿನಿಂದ ಗಿಟಾರನ್ನು ಒರೆಸಿದ್ದು, ತಟ್ಟಿದ್ದು ಬಿಟ್ಟರೆ ಒಂದು ತಂತಿ ಮೀಟಿದವರಲ್ಲ ಅವರು. ಅದನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಹೆಡ್‌ಫೋನನ್ನು ತಮ್ಮ ತಲೆಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಆರೂ ತಂತಿಯನ್ನು ಸವರಿದರು. ಮತ್ತೊಮ್ಮೆ ಸವರಿದರು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಮೂರನೆಯ ಸಲ ಸವರಿದರು. ಆಮೇಲೆ ನನ್ನ ಮುಖ ನೋಡಿದರು.

‘ನಂಗೂ ಕೇಳುದಿಲ್ಲ ಮಾರಾಯ್ತಿ.’

ನನಗೆ ರೇಗಿತು. ನನ್ನನ್ನು ಸಮಾಧಾನ ಮಾಡಲು ನಾಟಕ ಆಡುತ್ತಿದ್ದಾರೆ ಎಂದುಕೊಂಡೆ. ಸುಳ್ಳ ಹೇಳಬ್ಯಾಡ್ರಿ ಎಂದು ಜೋರು ಮಾಡಿದೆ. ಅವರು ಹೆಡ್‌ಫೋನ್ ತೆಗೆದು, ನನಗೆ ತುಟಿ ಕಾಣುವ ಹಾಗೆ ಹತ್ತಿರ ಬಂದು ನಿಂತರು.

‘ದೇವರಾಣೆ ಕೇಳುದಿಲ್ಲ. ನನ್ನ ಕಿವಿ ಸಮ ಉಂಟಲ್ಲ? ಹಾಗಾದ್ರೆ ಇದು ನಿನ್ನ ಕಿವಿದ್ದಲ್ಲ.’

ಅವರ ಕಿವಿಯ ವಿಷಯ ಅಡ್ಯಾರಿಗೆಲ್ಲ ಗೊತ್ತು. ಕ್ಯಾಶ್ ಕೌಂಟರಿನಲ್ಲಿ ಕೂತು, ಒಳಗೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದಿನಿಂದಲೇ ಕಾವು ಹೆಚ್ಚಾಯಿತು ಎಂದು ಕೂಗುತ್ತಿದ್ದವರು. ಆ ಕಿವಿಗೂ ಕೇಳುವುದಿಲ್ಲ ಎಂದರೆ ಕೇಳುವಂಥದ್ದು ಅಲ್ಲಿ ಏನೂ ಇಲ್ಲ.  ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಜನಕ್ಕೆ ಕೇಳಿಸುತ್ತದೆ ಎಂದರೆ ಸಂತೋಷವಾಗುತ್ತದೆ, ನನಗೆ ಗಂಡ ಕೇಳುವುದಿಲ್ಲ ಎಂದದ್ದಕ್ಕೆ ಸಂತೋಷವಾಯಿತು.

ಆಮೇಲೆ ಮಗಳಿಗೆ ಫೋನು, ಅವಳಿಂದ ಅಂಗಡಿಗೆ ಫೋನು. ಗಿಟಾರಿನ ಪಕ್ಕೆಯಲ್ಲಿ ಒಂದು ಸಣ್ಣ ಮುಚ್ಚಳವಿದೆ, ಅದರೊಳಗೆ ಬ್ಯಾಟರಿ ಇದೆ ಎಂದು ಗೊತ್ತಾಯಿತು. ಆಂಪ್ಲಿಫೈಯರು ಗೋಡೆಯ ಕರೆಂಟಿನಲ್ಲಿ ನಡೆಯುತ್ತದಲ್ಲ, ಗಿಟಾರಿಗೂ ಅದೇ ಎಂದುಕೊಂಡಿದ್ದೆವು ನಾವಿಬ್ಬರು ಬುದ್ಧಿವಂತರು. ಗಿಟಾರಿಗೆ ವೈರು ಸಿಕ್ಕಿಸಿದ್ದಷ್ಟು ಹೊತ್ತೂ ಆ ಬ್ಯಾಟರಿ ಉರಿಯುತ್ತಲೇ ಇರುತ್ತದಂತೆ, ನುಡಿಸಲಿ, ಬಿಡಲಿ. ನುಡಿಸಿ ಮುಗಿದ ತಕ್ಷಣ ವೈರು ತೆಗೆಯಬೇಕಂತೆ. ನಿಮ್ಮ ಅಮ್ಮನಿಗೆ ಅವತ್ತೇ ಹೇಳಿದ್ದೆ, ಚೆನ್ನಾಗಿ ತಲೆಯಾಡಿಸಿದರು ಎಂದಳಂತೆ ಅಂಗಡಿಯ ಹುಡುಗಿ. ಪಕ್ಕೆಯಲ್ಲಿ ಈಚೆಗೆ ಒಂದು ಕೆಂಪು ದೀಪ ಹತ್ತಿಕೊಂಡಿತ್ತು, ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಪಾಪ ದಿನವೂ ಹೇಳುತ್ತಿತ್ತು. ನಮ್ಮವರು ಅದನ್ನು ನೋಡಿ, ಈಗ ಲೈಟು ಸಹ ಬರ್ತದೆ ನೋಡು, ಚಂದ ಉಂಟು ಎಂದಿದ್ದರು. ನಾನೂ ಹೌದು ಎಂದಿದ್ದೆ.

ಅವರು ಮೂಲೆಯಂಗಡಿಯಿಂದ ಬ್ಯಾಟರಿ ತಂದು ಹಾಕಿದರು. ಸದ್ದು ಮರಳಿ ಬಂತು, ಕೀಚ್ ಸಮೇತ. ನಾನು ನಗುತ್ತ ತಲೆಯೆತ್ತಿದರೆ ಅವರ ಮುಖ ಸಣ್ಣಗಾಗಿತ್ತು. ರಾತ್ರಿಯೆಲ್ಲ ವೈರು ಸಿಕ್ಕಿಸಿಟ್ಟದ್ದು ನಾನೇ ಅಲ್ವಾ, ನಿನ್ನನ್ನು ಇಷ್ಟು ದಿನ ಹೆದರಿಸಿದ್ದು ನಾನೇ ಅಲ್ವಾ ಎಂದು ಮತ್ತೆ ಮತ್ತೆ ಕೇಳಿದರು. ಹೌದು, ನೀವೇ ಎಂದೆ. ಕಿವಿ ಹೋದವಳಿಗೆ ಇಷ್ಟು ಮಾಡುವ ಗಂಡ ಯಾವ ಊರಿನಲ್ಲಿದ್ದಾನೆ ಎಂದೂ ಹೇಳಿದೆ. ಎರಡನೆಯ ಮಾತು ಅವರ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಬೀಳದವರ ಹಾಗೆ ಇದ್ದರೋ, ಎದ್ದು ಕಾಯಿ ತುರಿಯಲು ಹೋದರು.

ಈಗ ಕ್ರಮ ಬದಲಾಗಿದೆ. ವೈರು ಬೇರೆ ಮಲಗುತ್ತದೆ, ಗಿಟಾರು ಬೇರೆ. ಬೆಳಗ್ಗೆ ಅವರೇ ಸಿಕ್ಕಿಸಿ, ಮೊದಲು ತಾವು ಹೆಡ್‌ಫೋನ್ ಹಾಕಿಕೊಂಡು ತಂತಿ ಸವರಿ, ‘ಕೇಳ್ತದೆ’ ಎಂದು ಹೇಳಿ ನನ್ನ ಕೈಗೆ ಕೊಡುತ್ತಾರೆ. ನನ್ನ ಕಿವಿ ಇನ್ನೂ ಇಳಿಯುತ್ತದೆ, ಡಾಕ್ಟರು ಮುಚ್ಚಿಟ್ಟಿಲ್ಲ. ಒಂದು ದಿನ ನೀವು ಕೇಳ್ತದೆ ಅಂದ ಮೇಲೂ ನನಗೆ ಕೇಳದೆ ಹೋಗುತ್ತದೆ ಎಂದು ಒಮ್ಮೆ ಅವರಿಗೆ ಹೇಳಿಯೇಬಿಟ್ಟೆ. 

‘ಹಾಗಾದ್ರೆ ನಂಗೆ ಈಗ್ಲೇ ಕಲಿಸು’ ಎಂದರು. ‘ನುಡಿಸ್ಲಿಕ್ಕಲ್ಲ. ಕೇಳ್ಲಿಕ್ಕೆ.’

ಮಗಳು ಇಬ್ಬರಿಗೂ ಹೆಡ್‌ಫೋನ್ ಸಿಕ್ಕಿಸುವ ಒಂದು ಸಣ್ಣ ತುಂಡು ತಂದುಕೊಟ್ಟಿದ್ದಾಳೆ. ಅಮ್ಮನ ಹಾಡುಗಳನ್ನು ಒಂದೊಂದಾಗಿ ಅವರಿಗೆ ಕೇಳಿಸುತ್ತಿದ್ದೇನೆ. ಯಾವ ಸ್ವರ ಎಲ್ಲಿ ಇರಬೇಕು, ಎಲ್ಲಿ ಇಳಿದರೆ ಅಪಸ್ವರ ಎಂದು ತೋರಿಸುತ್ತೇನೆ. ಗಣಿತದ ಟೀಚರಿನ ಕೈಯಲ್ಲಿ ಇಷ್ಟು ಬೈಸಿಕೊಂಡ ವಿದ್ಯಾರ್ಥಿ ಬೇರೆ ಇಲ್ಲ. ಹೋದ ವಾರ ನಾನು ಹಾಡಿನ ನಡುವಿನಲ್ಲಿದ್ದೆ, ಎಲ್ಲ ಸರಿಯಾಗಿ ಹೋಗುತ್ತಿದೆ ಎಂದುಕೊಂಡು ಖುಷಿಯಲ್ಲಿದ್ದೆ. ಅವರು ನನ್ನ ಮೊಣಕೈಯನ್ನು ಮೆಲ್ಲಗೆ ಮುಟ್ಟಿ ನಿಲ್ಲಿಸಿದರು. ಎರಡನೆಯ ತಂತಿಯನ್ನು ತೋರಿಸಿ, ಕೈಯನ್ನು ಒಂದಿಷ್ಟು ಕೆಳಗೆ ಇಳಿಸಿ ಸನ್ನೆ ಮಾಡಿದರು. ಶ್ರುತಿ ನೋಡುವ ಯಂತ್ರ ಇಟ್ಟು ನೋಡಿದೆ. ತಂತಿ ಇಳಿದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಧಾನವಾಗಿ ಬಿಗಿ ಮಾಡುತ್ತ ಹೋದೆ, ಅವರು ಸಾಕು ಎಂದು ಕಣ್ಣು ಮುಚ್ಚುವವರೆಗೆ.